ಕೊಟ್ಟ ಮಾರ್ಕಿಗೆಲ್ಲ ಒಂದು ಸಂಶಯ

ಎಪ್ಪತ್ತರ ದಶಕದಲ್ಲಿ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಸೇರಿದವ ನಾನು. ಪಾಠ ಮಾಡಿದ್ದಕ್ಕೆ ಯಾರೂ ನನ್ನನ್ನು ಏನೂ ಕೇಳಿದ್ದಿಲ್ಲ. ಮಾರ್ಕು ಕೊಟ್ಟ ಕೂಡಲೇ ಸಂಶಯ ಶುರುವಾಗುತ್ತಿತ್ತು. ನನಗೆ ಮಕ್ಕಳ ಮೇಲೆ, ಹೆಡ್ಮಾಷ್ಟ್ರಿಗೆ ನನ್ನ ಮೇಲೆ, ಮಕ್ಕಳ ಅಪ್ಪಂದಿರಿಗೆ ಇಡೀ ಶಾಲೆಯ ಮೇಲೆ. ವರ್ಗವಾಗಿ ಯಾವ ಊರಿಗೆ ಹೋದರೂ ಇದು ತಪ್ಪಲಿಲ್ಲ.

ಮುರಿದ ಕೊಂಬು

ಬಂಟ್ವಾಳದ ಕಡೆಯ ಶಾಲೆಯಲ್ಲಿ ಎಂಟನೆಯ ತರಗತಿಗೆ ‘ನಮ್ಮ ಮನೆಯ ದನ’ ಅಂತ ಪ್ರಬಂಧ ಕೊಟ್ಟಿದ್ದೆ. ತಿದ್ದುತ್ತಾ ಹೋದರೆ ಮೂವರ ದನಕ್ಕೂ ಎಡಗೊಂಬು ಮುರಿದಿದೆ, ಮೂವರ ದನವೂ ಹಾಲು ಕರೆಯುವಾಗ ಒದೆಯುತ್ತದೆ. ಹಣೆಯ ಮೇಲೆ ಬಿಳಿ ಮಚ್ಚೆ ಬೇರೆ. ನಕಲು ಎಂದು ಖಾತ್ರಿಯಾಯಿತು. ಮೂವರನ್ನೂ ಕರೆಸಿ, "ಯಾರದ್ದನ್ನು ಯಾರು ನೋಡಿ ಬರೆದದ್ದು? ಹೇಳದಿದ್ದರೆ ಮೂವರಿಗೂ ಸೊನ್ನೆ" ಅಂದೆ.

ಮೊದಲನೆಯವ, "ನೋಡಿ ಬರೆದದ್ದಲ್ಲ ಸಾರ್. ಆ ದನ ಮೊದಲು ನಮ್ಮದು. ಒದೀತದೆ ಅಂತ ಅಪ್ಪ ಇವರಿಗೆ ಮಾರಿದರು" ಎಂದ.

"ನಮ್ಮ ಅಮ್ಮನಿಗೂ ಒದೆಯಿತು. ಮತ್ತೆ ನಾವು ಇವರಿಗೆ ಕೊಟ್ಟೆವು" ಎಂದ ಎರಡನೆಯವ.

ಮೂರನೆಯವ ತಲೆ ತಗ್ಗಿಸಿ ನಿಂತಿದ್ದ. ನಿನ್ನದೇನು ಎಂದು ಕೇಳಿದೆ.

"ಈಗ ನಮ್ಮಲ್ಲಿ ಉಂಟು ಸಾರ್. ನಿಮಗೆ ಬೇಕಾ ಅಂತ ಕೇಳ್ಲಿಕ್ಕೆ ಅಪ್ಪ ಹೇಳಿದ್ದಾರೆ."

ಮುಚ್ಚಿದ ಹೆಸರು

ಬೆಳ್ತಂಗಡಿಗೆ ವರ್ಗವಾಯಿತು. ಮಾಷ್ಟ್ರುಗಳು ಮುಖ ನೋಡಿ ಮಾರ್ಕು ಕೊಡುತ್ತಾರೆ ಎಂದು ಅಲ್ಲಿನ ಹೆಡ್ಮಾಷ್ಟ್ರಿಗೆ ಗುಮಾನಿ. ಪರೀಕ್ಷೆ ಮುಗಿದ ಮೇಲೆ ಪ್ರತಿಯೊಂದು ಉತ್ತರಪತ್ರಿಕೆಯ ಹೆಸರಿನ ಮೇಲೂ ಕಾಗದ ಅಂಟಿಸಿ, ಅಂಟು ಒಣಗಿದ ಮೇಲೆಯೇ ನಮ್ಮ ಕೈಗೆ ಕೊಟ್ಟರು. ನನಗೂ ಅದು ನ್ಯಾಯವೆಂದೇ ಕಂಡಿತು. ತಿದ್ದಿ ಕೊಟ್ಟಾಗ ಅವರೇ ಕೂತು ಕಾಗದ ಕಿತ್ತರು. ಎಲ್ಲರಿಗಿಂತ ಕಡಿಮೆ ಬಿದ್ದದ್ದು ಅವರ ಸ್ವಂತ ಮಗಳಿಗೆ.

ನನ್ನನ್ನು ಕರೆಸಿದರು. "ಇದು ನನ್ನ ಮಗಳದ್ದು ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ ಸಾರ್. ಹೆಸರು ಕಾಣುತ್ತಿರಲಿಲ್ಲವಲ್ಲ."

"ಗೊತ್ತಿದ್ದರೆ ಹೆಚ್ಚು ಕೊಡ್ತಿದ್ದಿರಾ?"

ಹೌದು ಅಂದರೆ ಪಕ್ಷಪಾತ, ಇಲ್ಲ ಅಂದರೆ ಹಗೆ. ನಾನು ಉತ್ತರಪತ್ರಿಕೆಯನ್ನೇ ಅವರ ಮುಂದಕ್ಕೆ ಸರಿಸಿದೆ. ಅವರು ಮಗಳ ಉತ್ತರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನಾದರೆ ಇಷ್ಟೂ ಕೊಡ್ತಿರಲಿಲ್ಲ. ನಿಜ ಹೇಳಿ, ನಿಮಗೆ ಗೊತ್ತಿತ್ತಲ್ಲ?"

ಗೆಳೆಯರ ಮಾರ್ಕು

ಮುಂದೆ ಮೂಡುಬಿದಿರೆಯಲ್ಲಿ, ಮಕ್ಕಳೇ ಒಬ್ಬರದ್ದನ್ನೊಬ್ಬರು ತಿದ್ದಲಿ ಎಂದು ಹೊರಟೆ. ಒಂದೇ ಬೆಂಚಿನ ಇಬ್ಬರು ಪ್ರಾಣಸ್ನೇಹಿತರು. ಬರೆದದ್ದು ಇಬ್ಬರೂ ಚೆನ್ನಾಗಿಯೇ. ಕೊಟ್ಟುಕೊಂಡದ್ದು ಮಾತ್ರ ಹತ್ತಕ್ಕೆ ಎರಡೆರಡು. ಜಗಳವಾಗಿದೆಯೋ ಏನೋ ಎಂದು ವಿಚಾರಿಸಿದೆ.

"ಜಗಳ ಇಲ್ಲ ಸಾರ್. ಹೆಚ್ಚು ಕೊಟ್ಟರೆ ನಾವು ಮಾತಾಡಿಕೊಂಡಿದ್ದೇವೆ ಅಂತ ನಿಮಗೆ ಸಂಶಯ ಬರ್ತದೆ. ಅದಕ್ಕೆ ಮಾತಾಡಿಕೊಂಡು ಕಡಿಮೆ ಹಾಕಿದೆವು."

ಎಪ್ಪತ್ತೆಂಟು

ಅದೇ ಶಾಲೆಗೆ ಒಂದು ದಿನ ತೋಡಾರಿನ ಕಡೆಯ ಜಿನಸಿನ ಅಂಗಡಿಯವರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಒಂಬತ್ತನೆಯ ತರಗತಿ, ಕನ್ನಡದಲ್ಲಿ ಎಪ್ಪತ್ತೆಂಟು ತೆಗೆದಿದ್ದ. ಮಾರ್ಕು ಕಡಿಮೆಯಾಯಿತೆಂಬ ತಕರಾರು ಇರಬೇಕು ಎಂದುಕೊಂಡೆ.

"ಸಾರ್, ಇಷ್ಟು ಹೇಗೆ ಬಿತ್ತು?" ಎಂದರು. "ಮನೆಯಲ್ಲಿ ಇವ ಪುಸ್ತಕ ಮುಟ್ಟಿದ್ದನ್ನು ನಾನು ಕಂಡದ್ದಿಲ್ಲ. ಬೊಂಬಾಯಿಯಲ್ಲಿ ನನ್ನ ಭಾವನ ಹೋಟೆಲಿಗೆ ಕಳಿಸುವ ಅಂತ ಮಾತಾಗಿದೆ. ಅದನ್ನು ತಪ್ಪಿಸಲಿಕ್ಕೆ ನೀವು ಕನಿಕರದಲ್ಲಿ ಕೊಟ್ಟದ್ದಲ್ವಾ?"

ಹುಡುಗನ ಮುಖ ಬಾಡಿಹೋಗಿತ್ತು. ಇವರನ್ನು ನಂಬಿಸದಿದ್ದರೆ ಬರುವ ತಿಂಗಳು ಈತ ಅಲ್ಲಿ ಗ್ಲಾಸು ತೊಳೆಯುತ್ತಾನೆ. "ನಿಮ್ಮೆದುರೇ ಓದಿಸುತ್ತೇನೆ" ಎಂದು ಪಠ್ಯಪುಸ್ತಕ ತೆಗೆದೆ.

"ಅದು ಬೇಡ. ಬಾಯಿಪಾಠ ಮಾಡಿಸಿರ್ತೀರಿ." ಅವರು ತಮ್ಮ ಚೀಲದಿಂದ ಬೆಲ್ಲ ಕಟ್ಟಿದ್ದ ಪೇಪರು ಬಿಡಿಸಿ ಮಗನ ಮುಂದೆ ಹಿಡಿದರು.

ಹುಡುಗ ಬೆಲ್ಲದ ಕಲೆಯ ನಡುವೆಯೂ ಎಲ್ಲಿಯೂ ತಡವರಿಸದೆ ಓದಿದ. ಏನು ಓದಿದ್ದು ಹೇಳು ಅಂದಾಗ ತುಳುವಿನಲ್ಲಿ ಅಪ್ಪನಿಗೆ ಬಿಡಿಸಿ ಹೇಳಿದ. ಅಪ್ಪ ನಡುವೆ ಎರಡು ಪ್ರಶ್ನೆ ಹಾಕಿದರು, ಅದಕ್ಕೂ ಉತ್ತರ ಬಂತು. ಆಮೇಲೆ ಪೇಪರನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

"ಇವ ಓದ್ತಾನೆ," ಎಂದರು. "ಬೊಂಬಾಯಿ ಬೇಡ. ಎಸ್ಸೆಸ್ಸೆಲ್ಸಿ ಮಾಡಲಿ."

ಹುಡುಗ ತರಗತಿಗೆ ಓಡಿದ. ನಾನು ಉಸಿರು ಬಿಟ್ಟು ಕುರ್ಚಿಗೆ ಒರಗಿದೆ. ಜಗಲಿ ಇಳಿದವರು ಏನೋ ನೆನಪಾದಂತೆ ವಾಪಸು ಬಂದರು.

"ಸಾರ್, ನೀವು ಕಲಿಯುವಾಗ ನಿಮಗೆ ಕನ್ನಡದಲ್ಲಿ ಎಷ್ಟು ಇತ್ತು?"

"ಐವತ್ತೆರಡು" ಅಂದೆ.

ಅವರು ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದರು. "ನಿಮ್ಮ ಹತ್ತಿರ ಇದ್ದದ್ದೇ ಐವತ್ತೆರಡು. ಮತ್ತೆ ಇವನಿಗೆ ಎಪ್ಪತ್ತೆಂಟು ಎಲ್ಲಿಂದ ಕೊಟ್ಟಿರಿ?"