ಚುಕ್ಕೆಯಿಲ್ಲದ ವಜ್ರ

ಗಬೊರೋನಿನ ವಜ್ರ ವಿಂಗಡಿಸುವ ಕಚೇರಿಗೆ ಸೇರಿದಂದಿನಿಂದ ಮೊತುಸಿಗೆ ಒಂದು ಕಾಯಿಲೆ ಅಂಟಿಕೊಂಡಿತ್ತು. ಏನನ್ನು ಕಂಡರೂ ಮೊದಲು ಅದರಲ್ಲಿ ಐಬು ಹುಡುಕುವುದು. ಅದಕ್ಕೇ ಸಂಬಳ ಕೊಡುತ್ತಿದ್ದುದರಿಂದ ಕಚೇರಿಯಲ್ಲಿ ಅದನ್ನು ಪ್ರತಿಭೆ ಎನ್ನುತ್ತಿದ್ದರು. ಮನೆಯಲ್ಲಿ ಅವನ ತಾಯಿ ಅದಕ್ಕೆ ಬೇರೆ ಹೆಸರಿಟ್ಟಿದ್ದಳು (ಅದನ್ನು ಅಚ್ಚು ಹಾಕುವಂತಿಲ್ಲ).

ಇಂಥ ಮಹಾಶಯ ನಿಶ್ಚಿತಾರ್ಥದ ಉಂಗುರಕ್ಕೆ ವಜ್ರ ಆರಿಸಲು ಸೆತುನ್ಯಳನ್ನು ಅಂಗಡಿಗೆ ಕರೆದೊಯ್ದ. ಸೆತುನ್ಯ ಮೊಚುಡಿಯ ಹುಡುಗಿ, ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುವವಳು. ಅಂಗಡಿಯವಳು ಕಪ್ಪು ಬಟ್ಟೆಯ ಮೇಲೆ ಹರಳುಗಳನ್ನು ಹರಡಿದ ಕೂಡಲೇ ಅವಳ ಬೆರಳು ಒಂದರ ಮೇಲೆ ಹೋಗಿ ಕೂತಿತು. ಜೋಳದ ಕಾಳಿನಷ್ಟು ದಪ್ಪ, ತಿಳಿ ಚಹಾದ ಬಣ್ಣ.

“ಇದೇ!”

ಮೊತುಸಿಯ ಭೂತಗನ್ನಡಿ ಕಣ್ಣಿಗೇರಿತು. “ಅಯ್ಯೋ, ಇದರ ಬಣ್ಣ ನೋಡು! ಹೊಟ್ಟೇಲಿ ಕಪ್ಪು ಚುಕ್ಕೆ ಬೇರೆ.”

“ಇದ್ರೆ ಇರ್ಲಿ ಬಿಡು. ಚುಕ್ಕೆ ನೋಡಿದ್ರೆ ಇದು ನಂದು ಅಂತ ಗುರುತು ಸಿಗುತ್ತೆ.”

“ಗುರುತು ಸಿಗೋಕೆ ಇದೇನು ಕಿವಿ ಸೀಳಿದ ದನವಾ?”

ಅಂಗಡಿಯವಳು ನಕ್ಕಳು. ಸೆತುನ್ಯ ನಗಲಿಲ್ಲ. ಮೊತುಸಿ ಒಂದೊಂದೇ ಹರಳನ್ನು ಎತ್ತಿ, ಜರೆದು, ಪಕ್ಕಕ್ಕಿಟ್ಟು, ಕೊನೆಗೆ ಪರಮ ಪರಿಶುದ್ಧವೂ ನಿಷ್ಕಳಂಕವೂ ಆದ ಒಂದನ್ನು ಘೋಷಿಸಿದ. ಅದು ಎಳ್ಳಿನಷ್ಟಿತ್ತು.

“ಎಲ್ಲಿದೆ?” ಎಂದಳು ಸೆತುನ್ಯ.

“ಅಲ್ಲೇ ಇದೆ. ಉಸಿರು ಬಿಡಬೇಡ.”

“ಇದು ನನ್ನ ಬೆರಳಿಗೆ ಉಂಗುರಾನೋ, ನಿನ್ನ ಕೆಲಸಕ್ಕೆ ಬಹುಮಾನಾನೋ?”

ಅವನು ಅದನ್ನು ತಮಾಷೆಯೆಂದುಕೊಂಡ.

ಹೆಣ್ಣು ಕೇಳಲು ಹಿರಿಯರು ಹೋಗುವ ದಿನ ಗಂಡು ಮನೆಯಲ್ಲಿರಬೇಕು. ಇದು ನಮ್ಮ ಪದ್ಧತಿ. ಅವನ ಸೋದರಮಾವ ಫೆಂಯೊ ಅದನ್ನು ಹೇಳಿಯೂ ಹೇಳಿದ: “ಹೆಣ್ಣಿಗೆ ಕೊಡೋ ದನದ ಮಾತು ನಾವು ಆಡ್ತೀವಿ. ನೀನು ಬಂದ್ರೆ ಬಾಯಿ ಬಿಡ್ತೀಯ, ಮದುವೆ ಮುರೀತೀಯ.”

“ಮಾವ, ಹರಳನ್ನ ಉಂಗುರಕ್ಕೆ ಕಟ್ಟಿಸೋ ಮುಂಚೆ ಅದರ ಗುಣ ಅವರಿಗೆ ವಿವರಿಸ್ಬೇಕು. ಅದು ನಿಮ್ಮಿಂದ ಆಗುತ್ತಾ?”

ಆಗುವುದಿಲ್ಲವೆಂದು ಒಪ್ಪಿಕೊಂಡದ್ದೇ ಫೆಂಯೊ ಮಾಡಿದ ತಪ್ಪು. ಮೊತುಸಿ ಹೊಸ ಸೂಟಿನಲ್ಲಿ ಹೊರಟ. ಕಚೇರಿಯ ಸಮವಸ್ತ್ರಕ್ಕೆ ಜೇಬೂ ಇಲ್ಲ, ಕಾಲಿನ ಬಳಿ ಮಡಿಕೆಯೂ ಇಲ್ಲ. ಆ ಸೇಡು ತೀರಿಸಿಕೊಳ್ಳುವವನಂತೆ ಪ್ಯಾಂಟಿಗೆ ಎರಡಂಗುಲದ ಮಡಿಕೆ ಇಡಿಸಿದ್ದ.

ಮೊಚುಡಿಯಲ್ಲಿ ಸೆತುನ್ಯಳ ಮನೆಯಂಗಳದಲ್ಲಿ ಎಲ್ಲ ಸುಸೂತ್ರವಾಗಿಯೇ ನಡೆಯಿತು. ದನಗಳ ಮಾತು ಮುಗಿಯಿತು. ಚಾಪೆಯ ಮೇಲೆ ಶಾಲು ಹೊದ್ದು ಕೂತಿದ್ದ ಹೆಂಗಸರ ಮುಖ ಸಡಿಲವಾಯಿತು. ಆಗ ಮೊತುಸಿ ಎದ್ದು, ಕಾಗದದ ಪೊಟ್ಟಣ ಬಿಚ್ಚಿ, ಹರಳನ್ನು ಅಂಗೈಯಲ್ಲಿಟ್ಟುಕೊಂಡು ಉಪನ್ಯಾಸ ಆರಂಭಿಸಿದ. ಸೆತುನ್ಯಳ ಸೋದರಮಾವ ಮೊರೆಮಿ ಕಣ್ಣು ಕಿರಿದು ಮಾಡಿ ನೋಡಿ, “ಕರು ಚೆನ್ನಾಗಿರಬಹುದು, ಇನ್ನೂ ಹುಟ್ಟಿಲ್ಲ ಅಷ್ಟೆ” ಎಂದ. ನೋಡುವ ಸರದಿ ಸೆತುನ್ಯಳ ಅಜ್ಜಿಯದಾಯಿತು. ಅಜ್ಜಿ ಆಗಷ್ಟೇ ನಶ್ಯ ಏರಿಸಿದ್ದಳು. ಅಂಗೈಯ ಮೇಲೆ ಬಾಗಿದವಳೇ ಸೀನಿದಳು.

ಅಂಗೈ ಖಾಲಿ.

ಕಚೇರಿಯಲ್ಲಿ ಹರಳು ಬಿದ್ದರೆ ಒಂದೇ ನಿಯಮ. ಇದ್ದವರು ಇದ್ದಲ್ಲೇ ಕಲ್ಲಾಗಬೇಕು, ಕೈ ಬಿಡಿಸಿ ತೋರಿಸಬೇಕು. ಮೊತುಸಿಯ ನಾಲಿಗೆ ಅವನನ್ನು ಕೇಳಲಿಲ್ಲ.

“ಯಾರೂ ಅಲ್ಲಾಡಕೂಡದು! ಎಲ್ಲರೂ ಕೈ ತೋರಿಸಿ! ಅಜ್ಜಿ, ಶಾಲು ಕೊಡವಿ! ಮೊರೆಮಿ ಮಾವ, ಶೂ ಬಿಚ್ಚಿ!”

ಆ ದನಿಯ ಜೋರಿಗೆ ಇಡೀ ಅಂಗಳ ನಿಜವಾಗಿಯೂ ಕಲ್ಲಾಯಿತು. ಶುಂಠಿ ಪಾನಕದ ತಟ್ಟೆ ಹಿಡಿದು ಬಾಗಿಲಿಗೆ ಬಂದ ಸೆತುನ್ಯ ಕಂಡದ್ದು, ತನ್ನ ಅಜ್ಜಿ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಎರಡೂ ಕೈ ಚಾಚಿ ಕೂತಿರುವುದನ್ನು. ಮೊರೆಮಿಯ ಒಂದು ಶೂ ಕೈಯಲ್ಲಿತ್ತು, ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಹೊರಗಿತ್ತು. ಅಜ್ಜಿಯ ಹೇಂಟೆಯೊಂದು ಮಾತ್ರ ಆಜ್ಞೆ ಮೀರಿ ನೆಲ ಕುಕ್ಕುತ್ತಿತ್ತು. ಮೊತುಸಿ ಹಾರಿ ಅದನ್ನು ಹಿಡಿದು ಕಂಕುಳಲ್ಲಿ ಅವುಚಿಕೊಂಡ.

ಫೆಂಯೊ ನಿಧಾನವಾಗಿ ಎದ್ದ. “ಪ್ಯಾಂಟು ಕೊಡವು.”

“ನಂದಾ?”

“ಅಲ್ಲ, ಕೋಳೀದು.”

ಮೊತುಸಿ ಕೋಳಿಯ ಸಮೇತ ಬಾಗಿ ಎಡಗಾಲಿನ ಮಡಿಕೆ ಬಿಡಿಸಿದ. ನಿಷ್ಕಳಂಕ ಹರಳು ಚಾಪೆಯ ಮೇಲೆ ಬಿದ್ದು ಫಳ್ಳೆಂದಿತು. ಒಬ್ಬರಾದರೂ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಜ್ಜಿ ಚಾಚಿದ ಕೈಗಳನ್ನು ಒಳಗೆಳೆದುಕೊಂಡು ಶಾಲಿನಡಿ ಮುಚ್ಚಿಟ್ಟಳು. ಅದನ್ನು ನೋಡಿ ಮೊತುಸಿಗೆ ನಾಚಿಕೆಯಾಯಿತು. ಆ ಕೈಗಳೇ ಅಲ್ಲವೇ ಸೆತುನ್ಯಳನ್ನು ಎತ್ತಿ ಆಡಿಸಿದ್ದು?

“ಅಜ್ಜಿ, ತಪ್ಪಾಯ್ತು” ಎಂದ. ಕೋಳಿಯೂ ಅವನ ಪರವಾಗಿ ಕೊಕ್ ಎಂದಿತು.

ಮೊರೆಮಿ ಶೂ ತೊಟ್ಟು ಬಂದು ಅವನ ಜೇಬಿನಿಂದ ಭೂತಗನ್ನಡಿ ಕಿತ್ತುಕೊಂಡ. ಅದನ್ನು ಮೊತುಸಿಯ ಮುಖಕ್ಕೆ ಹಿಡಿದು, ಹಣೆಯಿಂದ ಗಲ್ಲದವರೆಗೂ ಸಾವಕಾಶವಾಗಿ ನೋಡಿದ.

“ಬಣ್ಣ ಇಳಿದಿದೆ. ತಲೇಲಿ ಬಿರುಕು. ಒಳಗೊಂದು ದೊಡ್ಡ ಕಪ್ಪು ಚುಕ್ಕೆ.” ಬಾಗಿಲ ಕಡೆ ತಿರುಗಿದ. “ಏನ್ ಮಗಳೇ, ಇದನ್ನ ಇಟ್ಕೊಳ್ಳೋದೋ, ವಾಪಸ್ ಕಳಿಸೋದೋ?”

ಸೆತುನ್ಯ ತಟ್ಟೆಯನ್ನು ಕೆಳಗಿಟ್ಟಳು, ಲೋಟಗಳನ್ನು ನೇರ ಮಾಡಿದಳು. ಅಷ್ಟು ಹೊತ್ತಿನಲ್ಲಿ ಮೊತುಸಿ ಮನಸ್ಸಿನಲ್ಲೇ ಒಂಟಿಯಾಗಿ ಮುದುಕನೂ ಆಗಿಬಿಟ್ಟ.

“ಚುಕ್ಕೆ ಇದ್ರೂ ಇರ್ಲಿ ಅಂತ ನಾನು ಅಂಗಡೀಲೇ ಹೇಳಿದ್ದೆ ಮಾವ” ಎಂದಳು. “ಆದ್ರೆ ಉಂಗುರಕ್ಕೂ ಆ ಚುಕ್ಕೆ ಹರಳೇ ಬೇಕು.”

ಹಿರಿಯರ ಕೈ ಪರೀಕ್ಷಿಸಿದ ತಪ್ಪಿಗೆ ಒಂದು ಹೋತ ಕೊಡಬೇಕೆಂದು ತೀರ್ಮಾನವಾಯಿತು. ಹೋತವನ್ನು ಯಾರು ಆರಿಸಬೇಕೆಂದು ಮೊತುಸಿ ಕೇಳುವ ಮೊದಲೇ ಫೆಂಯೊ ಅವನ ಕಾಲು ತುಳಿದ.

ಹೊರಡುವಾಗ ಗೇಟಿನ ಬಳಿ ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು, ಮಡಿಲಲ್ಲಿ ಹೇಂಟೆ.

“ಕೈ ತೋರಿಸು.”

ಮೊತುಸಿ ತೋರಿಸಿದ.

“ಮಡಿಕೆ.”

ಬಾಗಿ ಬಲಗಾಲಿನದನ್ನೂ ಬಿಡಿಸಿದ. ಪುಟ್ಟದೊಂದು ಗರಿ ಉದುರಿತು. ಅಜ್ಜಿ ಅದನ್ನೇ ದಿಟ್ಟಿಸಿ ನೋಡಿದಳು.

“ಅದು ನಮ್ಮ ಕೋಳೀದು. ಇಲ್ಲೇ ಇಟ್ಟು ಹೋಗು.”