ಅತ್ತೆಗೆ ನಾನು ಕುಡಿಸಿದ ನೀರು

ಗೂಟಕ್ಕೆ ತೂಗುಹಾಕಿದ ಕೋಟನ್ನು ಊಟಕ್ಕೆ ಕರೆದ ಹೆಂಗಸು ಇಡೀ ಹಾಸನದಲ್ಲಿ ಒಬ್ಬರೇ. ಅವರು ನಮ್ಮ ಮನೆಯಲ್ಲಿದ್ದರು! ನಮ್ಮ ಯಜಮಾನರ ಸೋದರತ್ತೆ.

"ಎಷ್ಟೊತ್ತು ಅಂತ ನಿಂತಿರ್ತೀರಿ, ಎಲೆ ಹಾಕಿದೆ ಬನ್ನಿ" ಎಂದು ಕೋಟನ್ನು ಗದರಿದರು. ಅದು ಕದಲಲಿಲ್ಲ. "ಇವರದ್ದು ಮದುವೆ ದಿನದಿಂದ್ಲೂ ಇದೇ ಬಿಂಕ ಕಣೆ" ಎಂದು ನನಗೆ ದೂರು ಬೇರೆ. ಸೆರಗು ಬಾಯಿಗೊತ್ತಿಕೊಂಡು ನಕ್ಕೆ. ಸಂಜೆಯೊಳಗೆ ಬೀದಿಯ ಹೆಂಗಸರೆಲ್ಲ ನಕ್ಕರು. ಹೇಳಿದವಳು ನಾನೇ.

ಮರುವಾರ ಬಸದಿಗೆ ಹೊರಟವರು ಅರಕಲಗೂಡಿನ ಬಸ್ಸು ಹತ್ತಿದರು. ಕಂಡಕ್ಟರೇ ಮನೆಗೆ ಕರೆತಂದ. "ಟಿಕೀಟ್ ಕೇಳುದ್ರೆ ಕಾಲ್ ತೊಳ್ಕಂಡ್ ಬಾ ಅಂದ್ರು ಅಕ್ಕಾವ್ರೆ. ತೊಳ್ಕಂಡೂ ಬಂದೆ. ಆಗ್ಲೂ ಕಾಸು ಬಿಚ್ಚಲಿಲ್ಲ." ಇದನ್ನೂ ಬೀದಿಗೆಲ್ಲ ಹಂಚಿದೆ.

ಅವರು ಹಾಗಾದದ್ದೇಕೆಂದು ಕೇಳಿಕೊಂಡೆನೆ? ಇಲ್ಲ. ಗಂಡ ತೀರಿಕೊಂಡ ಮೇಲೆ ನುಗ್ಗೇಹಳ್ಳಿಯಿಂದ ನಮ್ಮಲ್ಲಿಗೆ ಬಂದು, ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿದ್ದರು. ಡಾಕ್ಟರು ಮನಸ್ಸಿನ ದುಗುಡಕ್ಕೆಂದು ಆಗಷ್ಟೇ ಬಂದಿದ್ದ ಹೊಸ ಮಾತ್ರೆ ಕೊಟ್ಟರು. ಅತ್ತೆ ಮಾತಾಡತೊಡಗಿದರು. ಅಷ್ಟರಲ್ಲಿ ಚಾತುರ್ಮಾಸ ಬಂತು. ನಮ್ಮ ಜೈನರಲ್ಲಿ ಹಿರಿಯರು ಆಗ ಹಾಲು, ತುಪ್ಪ, ಉಪ್ಪಿನಂಥ ಒಂದೊಂದು ರಸ ಬಿಡುವುದುಂಟು. ಅತ್ತೆ ಉಪ್ಪು ಬಿಟ್ಟರು. ಮಾತ್ರೆಯಿಂದ ಬಾಯಿ ಒಣಗುತ್ತದೆ ಎಂದರು. ಕಾನ್ವೆಂಟಿನಲ್ಲಿ ಶುಶ್ರೂಷೆಯ ಪಾಠ ಕಲಿತವಳು ನಾನು, ಸುಮ್ಮನಿರುವೆನೆ? ಕಾಯಿಸಿ ಆರಿಸಿದ ನೀರು, ಚೆಂಬಿನ ಮೇಲೆ ಚೆಂಬು.

"ಹೊಟ್ಟೆ ತೊಳಸುತ್ತೆ ಕಣೆ."

"ಇನ್ನೊಂದೇ ಲೋಟ ಅತ್ತೆ."

ಬಸ್ಸಿನ ಪ್ರಸಂಗವಾಗಿ ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಎಬ್ಬಿಸಿದರೆ ಅತ್ತೆ ಏಳಲೇ ಇಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು, "ಮೈಯಲ್ಲಿ ಉಪ್ಪಿನಂಶ ತೀರಾ ಇಳಿದಿದೆ, ಬುದ್ಧಿ ಕದಡಿದ್ದೂ ಅದರಿಂದಲೇ. ವಯಸ್ಸಾದವರಿಗೆ ಆ ಮಾತ್ರೆ ಹೀಗೆ ಮಾಡುತ್ತೇನೋ ಅಂತ ನನಗೆ ಅನುಮಾನ. ಉಪ್ಪು ಬೇರೆ ಬಿಟ್ಟಿದ್ದಾರೆ. ನೀರು ಹೆಚ್ಚಾದ್ರೂ ಇರೋ ಉಪ್ಪು ತೆಳುವಾಗುತ್ತೆ. ಎಷ್ಟು ಕುಡೀತಿದ್ರು?" ಎಂದರು. ಲೆಕ್ಕ ಹೇಳಿದೆ. ಕುಡಿಸಿದವರು ಯಾರೆಂದು ಹೇಳಲಿಲ್ಲ.

ಮಾತ್ರೆ ನಿಲ್ಲಿಸಿದರು, ನೀರು ಅಳೆದು ಕೊಟ್ಟರು, ಉಪ್ಪನ್ನು ನಿಧಾನವಾಗಿ ಏರಿಸಿದರು. ಐದನೆಯ ದಿನ ಅತ್ತೆ ನನ್ನ ಗುರುತು ಹಿಡಿದರು. ನೋಡಲು ಬಂದ ಬೀದಿಯ ಹೆಂಗಸರು ಮುಖ ಮುಖ ನೋಡಿಕೊಂಡು ಮುಸಿಮುಸಿ ನಕ್ಕು ಹೋದರು. ನನಗೆ ತಲೆ ಎತ್ತಲಾಗಲಿಲ್ಲ.

"ಆ ನೀರು ನಾನೇ ಅತ್ತೆ, ಬೇಡ ಅಂದ್ರೂ ಬಲವಂತ ಮಾಡಿ..." ಎಂದು ತೊದಲಿದೆ.

"ಗೊತ್ತು ಕಣೆ. ಹೊಟ್ಟೇಲಿ ಜಾಗವೇ ಇರ್ತಿರ್ಲಿಲ್ಲ" ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. "ಆದ್ರೆ ನಮ್ಮನೆಯವರು ಹೋದ್ಮೇಲೆ, ಕುಡಿ ಅಂತ ಪಕ್ಕದಲ್ಲಿ ನಿಂತ್ಕೊಳ್ಳೋರು ನೀನೊಬ್ಳೇ ಇದ್ದದ್ದು."