ಗಿರಣಿ ಮಲ್ಲಿನಾಥನ ಮೂಗು

ಸಾರವಾಡದ ಹಿಟ್ಟಿನ ಗಿರಣಿ ಮಲ್ಲಿನಾಥನ ಹೆಂಡತಿ ನೇತ್ರಾ ತವರಿಗೆ ಹೋಗಿ ಇಪ್ಪತ್ತು ದಿನವಾಗಿತ್ತು. ಜಗಳ ಸೀರೆಯದ್ದಲ್ಲ, ಅತ್ತೆಯದ್ದಲ್ಲ, ಮೂಗಿನದು. ಹನ್ನೆರಡು ವರ್ಷದಿಂದ ಮಲ್ಲಿನಾಥನ ಮೂಗು ಹಗಲೆಲ್ಲ ಸೀನುತ್ತಿತ್ತು, ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಿತ್ತು. ಆ ಗೊರಕೆಗೆ ಹಿತ್ತಲಿನ ಎಮ್ಮೆಯೇ ಬೆದರಿ ಎದ್ದು ನಿಲ್ಲುತ್ತಿತ್ತು ಎಂದಮೇಲೆ ಪಕ್ಕದಲ್ಲಿ ಮಲಗಿದ ಹೆಣ್ಣುಮಗಳ ಪಾಡೇನು ಹೇಳಿ! “ನಿಮ್ಮ ಮೂಗ ನೆಟ್ಟಗಾದ ದಿನ ಫೋನ್ ಹಚ್ರಿ, ಅವತ್ತ ಬರ್ತೀನಿ” ಎಂದು ಆಕೆ ಚೀಲ ಹಿಡಿದು ತಿಕೋಟಾಕ್ಕೆ ಹೋಗಿಬಿಟ್ಟಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ ಆದಾಗಿನಿಂದ ತವರಿಗೆ ಹೋಗುವ ಸಿಟ್ಟಿಗೆ ಅಡ್ಡಿ ಆತಂಕವೇ ಇಲ್ಲವಾಗಿದೆ.

ಮಲ್ಲಿನಾಥನಿಗೆ ಹೆಂಡತಿಯೆಂದರೆ ಜೀವ. ಆಕೆ ಹೋದಮೇಲೆ ರೊಟ್ಟಿ ತಾನೇ ಬಡಿಯಲು ಹೋಗಿ ಭಾರತದ ನಕಾಶೆ ಮಾಡಿದ, ಒಬ್ಬನೇ ಕೂತು ತಿಂದ, ಕಣ್ಣೀರು ಹಾಕಿದ. ಅಂಥ ಹೊತ್ತಿನಲ್ಲಿ ವಿಜಯಪುರದ ದವಾಖಾನೆಯೊಂದರಿಂದ ಡಾಕ್ಟರ್ ಗೌತಮಿ ಎಂಬುವವರು ಊರ ಕನ್ನಡ ಸಾಲಿಯ ಅಂಗಳಕ್ಕೆ ಬಂದು ಪೆಂಡಾಲು ಹಾಕಿಸಿದರು. ಮೂಗು ಮತ್ತು ಸೈನಸ್ಸಿನ ರೋಗಗಳ ಮೇಲೆ ಸಂಶೋಧನೆಯಂತೆ.

“ಮೈಯಾಗ ಒಂದು ಕಾವಲು ಪಡೆ ಇರತದರಿ. ರೋಗ ಬಂದ್ರ ಬಡದ ಓಡಸೂದು ಅದರ ಕೆಲಸ. ಕೆಲವರ ಮೂಗಿನ್ಯಾಗ ಏನಾಗತದ ಅಂದ್ರ, ಬರೇ ಧೂಳ ಬಂದ್ರೂ ಕಳ್ಳ ಬಂದಾನ ಅಂತ ಅದು ದಂಗೆ ಏಳತದ. ಯಾಕ ಹಂಗಾಗತದ ಅಂತ ನಾವು ಹುಡಕಾಕತ್ತೇವಿ” ಎಂದು ಅವರು ವಿವರಿಸಿದರು. ಆಯ್ಕೆಯಾದ ರೋಗಿಗೆ ಒಂದು ವರ್ಷ ಹೊಸ ಇಂಜೆಕ್ಷನ್ನು, ಎಲ್ಲ ಆರೈಕೆ. ಕರಾರು ಎರಡೇ. ರೋಗಿ ತನ್ನ ಜೊತೆ ಅದೇ ಊರಿನ, ಅದೇ ಗಾಳಿ ಕುಡಿಯುವ ಒಬ್ಬ ನಿರೋಗಿಯನ್ನು ಕರೆತರಬೇಕು, ಇಬ್ಬರ ಮೂಗನ್ನೂ ಹೋಲಿಸಿ ನೋಡುತ್ತಾರೆ. ಎರಡನೆಯದನ್ನು ನರ್ಸ್ ವಿಜಯಲಕ್ಷ್ಮೀ ಬೆರಳೆತ್ತಿ ಹೇಳಿದಳು: “ಪರೀಕ್ಷೆಗೆ ಮೊದಲ ಏಳು ದಿನ ಮೂಗಿಗೆ ಏನೂ ಹಾಕೂಹಂಗಿಲ್ಲ!”

ಮಲ್ಲಿನಾಥ ನರ್ಸಿನ ಹತ್ತಿರ ಹೆಸರು ಬರೆಸಿದ; ಎಂಟನೆಯ ದಿನ ವಿಜಯಪುರದ ದವಾಖಾನೆಯಲ್ಲಿ ಪರೀಕ್ಷೆ. ಬೇರೆ ಯಾರಾದರೂ ಆಗಿದ್ದರೆ ಔಷಧಿ ಬಿಟ್ಟು ಸುಮ್ಮನಿರುತ್ತಿದ್ದರು. ನಮ್ಮ ಮಲ್ಲಿನಾಥ ಹೇಳಿದ ಮಾತನ್ನು ಗೆರೆ ಎಳೆದಂತೆ ನಡೆಸುವ ಪ್ರಾಣಿ. ಏನೂ ಅಂದರೆ ಏನೂ. ಜೋಳದ ಹಿಟ್ಟಿನ ಧೂಳೂ ಬಂತಲ್ಲವೇ ಅದರಲ್ಲಿ? ಮನೆಗೆ ಬಂದವನೇ ಗಿರಣಿಗೆ ಬೀಗ ಜಡಿದ. ಮೂಗು ಬಾಯಿ ಸೇರಿಸಿ ಟವೆಲ್ಲನ್ನು ಬಿಗಿಯಾಗಿ ಸುತ್ತಿಕೊಂಡ. ಉಸಿರಾಡುವುದೇ ಕಷ್ಟವಾದಾಗ, ಅಯ್ಯೋ ರೋಗ ಬಲಿಯಿತು ಎಂದುಕೊಂಡು ಟವೆಲ್ಲನ್ನು ಇನ್ನಷ್ಟು ಬಿಗಿದ.

ಸಾರವಾಡದಲ್ಲಿ ರೋಗ ಒಬ್ಬನದಾದರೂ ಗಿರಣಿ ಎಲ್ಲರದು. ಮೂರನೆಯ ದಿನಕ್ಕೆ ಡಬ್ಬಿಗಳು ಬರಿದಾದವು. ಐದನೆಯ ದಿನ ಹೆಂಗಸರು ಬಬಲೇಶ್ವರಕ್ಕೆ ಹೋಗಿ ಬೀಸಿಕೊಂಡು ಬಂದರು. “ಎಂಥಾ ಹಿಟ್ಟ ಅದು, ರೊಟ್ಟಿ ಬಡದ್ರ ಸುತ್ತಲೂ ಹರೀತಾವ” ಎಂದು ಊರೆಲ್ಲ ಗೊಣಗಿತು. ಪರೀಕ್ಷೆಯ ದಿನ ಬೆಳಕು ಹರಿಯುವಷ್ಟರಲ್ಲಿ, ಈ ಮೂಗನ್ನು ಇವತ್ತು ವಾಸಿ ಮಾಡಿಯೇ ಬಿಡಬೇಕೆಂದು ಊರು ತೀರ್ಮಾನಿಸಿತ್ತು.

ಎದುರು ಮನೆಯ ಹೊಳೆವ್ವ ಹುರಿದ ಅಜವಾನದ ಬಿಸಿ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಜೋಳದ ಬುಟ್ಟಿ ಹೊತ್ತ ಹೆಂಗಸರ ಸಾಲು.

“ಬಾ ಮಗನ, ಒಂದ ಸಲ ಮೂಸು. ಗಿರಣಿ ಚಾಲೂ ಮಾಡಿ ಹೋಗು.”

“ಬ್ಯಾಡ ಬೇ ಯವ್ವಾ! ಏಳ ದಿನ ಕಾಪಾಡಿಕೊಂಡ ಬಂದೇನಿ. ಈಗ ಮೂಸಿದ್ರ ಪರೀಕ್ಷಾ ಕೆಟ್ಟ ಹೋಗತೈತಿ!”

“ನಾ ಹೊಟ್ಟಿಗಿ ಹಿಟ್ಟಿಲ್ಲದ ಕುಂತೇನಿ, ನಿನಗ ಪರೀಕ್ಷಾದ ಚಿಂತಿ! ಹಿಡೀರೇ ಅವನ್ನ!”

ಇಬ್ಬರು ಹೆಂಗಸರು ರೆಟ್ಟೆ ಹಿಡಿದೇಬಿಟ್ಟರು. ಮಲ್ಲಿನಾಥ ಎರಡೂ ಕೈಯಿಂದ ಮೂಗು ಮುಚ್ಚಿ ಕುಕ್ಕರಗಾಲಲ್ಲಿ ಕೂತ. ಆಗ ಬಂದವನು ಬಸಗೊಂಡಪ್ಪ ಕಾಕಾ. ಐವತ್ತೆರಡು ವರ್ಷ, ಬಿಳಿ ಧೋತರ, ಊರಿನ ನಿರೋಗಿ. ಹುಟ್ಟಿದಾಗಿನಿಂದ ಒಮ್ಮೆಯೂ ಸೀನಿಲ್ಲ ಎಂಬುದು ಅವನ ಹೆಮ್ಮೆ. ನಿರೋಗಿ ಬೇಕು ಎಂದು ಮಲ್ಲಿನಾಥ ಹುಡುಕಿದಾಗ ಮೊದಲು ಕೈ ಎತ್ತಿದವನೂ ಅವನೇ.

“ಏ, ಬಿಡ್ರೇ ಹುಡುಗನ್ನ” ಎಂದು ಕಾಕಾ ಗದರಿಸಿದ. ಮಲ್ಲಿನಾಥನಿಗೆ ಜೀವ ಬಂತು. ಅಷ್ಟರಲ್ಲೇ ಕಾಕಾ ಮುಂದುವರಿಸಿದ: “ಹಿಂಗ ಜುಲುಮಿ ಮಾಡಿದ್ರ ಅಂವ ಹೆದರತಾನ. ನೋಡೋ ಮಲ್ಲೂ, ಇದರಿಂದ ಏನೂ ಆಗೂದಿಲ್ಲ. ನಾ ಮೂಸಿ ತೋರಸ್ತೇನಿ.” ಗಂಟನ್ನು ಮೂಗಿಗೆ ಒತ್ತಿ ಹೊಟ್ಟೆಯ ತನಕ ಎಳೆದ. ಕಣ್ಣು ಕೆಂಪಾದವು. “ಏನಾತು ನನಗ? ಏನೂ ಆಗಲಿಲ್ಲ!” ಎಂದ, ದನಿ ಮಾತ್ರ ಸ್ವಲ್ಪ ಗೊಗ್ಗರಾಗಿತ್ತು. ಆ ಗದ್ದಲದಲ್ಲಿ ಮಲ್ಲಿನಾಥ ಹಿತ್ತಲಿನಿಂದ ಜಿಗಿದು ಬಸ್ಸಿನ ನಿಲ್ದಾಣಕ್ಕೆ ಓಡಿದ, ಅವನ ಹಿಂದೆಯೇ ಕಾಕಾ.

ಬಸ್ಸಿನಲ್ಲಿಯಾದರೂ ನೆಮ್ಮದಿ ಇತ್ತೇ? ಕಾಕಾ ಎಲ್ಲರಿಗೂ ಕೇಳುವಂತೆ ಕಥೆ ಬಿಚ್ಚಿದ. “ಮೂಗಿನ ಸಲುವಾಗಿ ಹೇಣ್ತಿ ಬಿಟ್ಟ ಹೋಗ್ಯಾಳ್ರಿ, ಪಾಪ.” ಮೂಗಿನ ಸುದ್ದಿ ಅಂದಕೂಡಲೇ ಬಸ್ಸಿನಲ್ಲಿ ಡಾಕ್ಟರರಲ್ಲದವರೇ ಉಳಿಯಲಿಲ್ಲ. ಬಬಲೇಶ್ವರದಿಂದ ಬರುತ್ತಿದ್ದ ಮುದುಕನೊಬ್ಬ ನಶ್ಯದ ಡಬ್ಬಿ ತೆಗೆದ.

“ಒಂದ ಚಿಟಿಕಿ ಏರಸ್ರಿ. ಮಿದುಳ ತನಕ ರಸ್ತಾ ಸಾಫ್!”

ಮಲ್ಲಿನಾಥ ಟವೆಲ್ಲಿನೊಳಗಿಂದಲೇ ತಲೆ ಅಲ್ಲಾಡಿಸಿದ. ಮುದುಕನ ಮುಖ ಸಣ್ಣದಾಯಿತು. ಕೊಟ್ಟ ನಶ್ಯವನ್ನು ಒಲ್ಲೆ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಿರಿಯರ ಮನಸ್ಸು ನೋಯಬಾರದೆಂದು ಕಾಕಾ ಎರಡು ಚಿಟಿಕೆ ಏರಿಸಿದ. ಐವತ್ತೆರಡು ವರ್ಷ ಕಾದಿಟ್ಟ ಸೀನುಗಳೆಲ್ಲ ಒಮ್ಮೆಲೇ ಬಾಗಿಲು ಒದ್ದವು. ಸಾರವಾಡ ದಾಟಿ ವಿಜಯಪುರ ಮುಟ್ಟುವತನಕ ಆಕ್ಷಿ ಆಕ್ಷಿ ನಿಲ್ಲಲಿಲ್ಲ, ಮುಂದಿನ ಸೀಟಿನವರು ಎದ್ದು ಹೋಗಿ ನಿಂತೇ ಪ್ರಯಾಣ ಮಾಡಿದರು.

ಬಸ್‌ಸ್ಟ್ಯಾಂಡಿನಲ್ಲಿ ಉಮರ ಎಂಬವನ ಆಟೋ ಸಿಕ್ಕಿತು. ಉಮರ ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ನೋಡಿದ. “ಅರೇ, ಇಬ್ಬರದೂ ಮೂಗ ಕೆಟ್ಟೈತಲ್ರಿ! ನನ್ನ ಹತ್ರ ನೀಲಗಿರಿ ಎಣ್ಣಿ ಐತಿ, ಎರಡ ಹನಿ ಬಿಟ್ಕೋರಿ” ಎಂದು ಸಣ್ಣ ಬಾಟಲಿ ಚಾಚಿದ.

“ನನಗ ಯಾವ ರೋಗಾನೂ ಇಲ್ಲೋ! ನಾ ನಿರೋಗಿ!” ಎಂದು ಕಾಕಾ ಸಿಡುಕಿದ. ಆದರೆ ಮೂಗು ಉರಿಯುತ್ತಿತ್ತು. ತಣ್ಣಗಾದೀತೆಂದು ತಾನೇ ಹನಿ ಬಿಡಲು ಹೋದ. ಸರಿಯಾಗಿ ಅದೇ ಗಳಿಗೆಗೆ ಸೊಲ್ಲಾಪುರ ರಸ್ತೆಯ ತಗ್ಗಿನಲ್ಲಿ ಆಟೋ ಕುಪ್ಪಳಿಸಿತು, ಅರ್ಧ ಬಾಟಲಿ ಒಳಗೆ ಇಳಿಯಿತು. “ಯಪ್ಪಾ! ಸತ್ನೋ!” ಎಂದು ಕೂಗುತ್ತಿರುವಾಗಲೇ ಮುಂದೆ ಲಾರಿ ಅಡ್ಡವಾಗಿ ಆಟೋ ನಿಂತಿತು. ನಿಂತದ್ದಾದರೂ ಎಲ್ಲಿ? ಖಾರ ಕುಟ್ಟುವ ಗಿರಣಿಯ ಎದುರು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಧೂಳು ರಸ್ತೆಗೆಲ್ಲ ಹರಡಿತ್ತು. ಮಲ್ಲಿನಾಥನಿಗೆ ಟವೆಲ್ಲಿನ ಕೋಟೆ ಇತ್ತು. ಕಾಕಾನಿಗೆ ಏನಿತ್ತು? ದವಾಖಾನೆ ತಲುಪಿದಾಗ ಅವನ ಮೂಗು ಕೆಂಪು ಬದನೆಕಾಯಿಯಂತೆ ಊದಿತ್ತು. ಆ ಅವಸ್ಥೆ ನೋಡಲಾಗದೆ ಮಲ್ಲಿನಾಥ ತನ್ನ ಟವೆಲ್ಲನ್ನೇ ಬಿಚ್ಚಿ ಕೊಟ್ಟ. ಒರೆಸಿ ಒರೆಸಿ ಅದು ತಿರುಗಿ ಇಸಿದುಕೊಳ್ಳುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ನರ್ಸ್ ವಿಜಯಲಕ್ಷ್ಮೀ ಇಬ್ಬರ ಕೈಗೂ ನಂಬರಿನ ಚೀಟಿ ಕಟ್ಟಿದಳು. ಮಲ್ಲಿನಾಥನಿಗೆ ಒಂದು, ಕಾಕಾನಿಗೆ ಎರಡು. “ಒಳಗ ಹೋಗಿ ಯಾರು ರೋಗಿ, ಯಾರು ನಿರೋಗಿ ಅಂತ ಬಾಯಿ ಬಿಡಬ್ಯಾಡ್ರಿ. ಡಾಕ್ಟರಿಗಿ ಮೊದಲ ಗೊತ್ತಾದ್ರ ಸಂಶೋಧನಾ ಕೆಡತದ. ಅವರು ಬರೇ ಮೂಗ ನೋಡಿ ಬರೀತಾರ” ಎಂದಳು. ಹೇಳಿದ ಮಾತು ಕೇಳುವ ಮಲ್ಲಿನಾಥ ಬಾಯಿಗೆ ಹೊಲಿಗೆ ಹಾಕಿಕೊಂಡಂತೆ ಕೂತ.

ಡಾಕ್ಟರ್ ಗೌತಮಿ ಸಣ್ಣ ಕ್ಯಾಮೆರಾ ಒಳಗಿಳಿಸಿ ನೋಡಿದರು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಮಾದರಿ ತೆಗೆದರು, ರಕ್ತ ತೆಗೆದರು. ಒಂದು ತಾಸಿನ ನಂತರ ಇಬ್ಬರನ್ನೂ ಕರೆಸಿದರು.

“ಎರಡನೇ ನಂಬರು, ನಿಮ್ಮ ಮೂಗಿನ್ಯಾಗ ಭಾಳ ದೊಡ್ಡ ದಂಗೆ ನಡದೈತ್ರಿ. ಇಷ್ಟು ಬಾವು ನಾ ನೋಡೇ ಇಲ್ಲ. ನಿಮ್ಮನ್ನ ರೋಗಿ ಅಂತ ತಗೊಂಡೇವಿ. ಒಂದು ವರ್ಷ ನಿಮ್ಮ ಜವಾಬ್ದಾರಿ ನಮ್ಮದು.” ಆಮೇಲೆ ಮಲ್ಲಿನಾಥನ ಕಡೆ ತಿರುಗಿ ನಕ್ಕರು. “ಒಂದನೇ ನಂಬರು, ನಿಮ್ಮದು ಚೊಕ್ಕ ಮೂಗು. ನಿರೋಗಿ ಅಂದ್ರ ಹಿಂಗಿರಬೇಕು. ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟ ಹೋಗ್ರಿ.”

ಮಲ್ಲಿನಾಥ ಕುರ್ಚಿಯಿಂದ ಎದ್ದೇಬಿಟ್ಟ. “ಮೇಡಮ್ಮಾರ, ರೋಗಿ ನಾನರಿ! ಹನ್ನೆರಡು ವರ್ಷದ ರೋಗ ನನ್ನದು! ಇಂವಂದು ಬರೇ ಇವತ್ತ ಮುಂಜಾನಿದು!”

“ನಿಮ್ಮ ಉದ್ಯೋಗ ಏನ್ರಿ?”

“ಹಿಟ್ಟಿನ ಗಿರಣಿ. ಏನೂ ಹಾಕಬ್ಯಾಡ ಅಂದ್ರಲ್ಲ, ಅದಕ್ಕ ಏಳ ದಿನ ಬಂದ್ ಇಟ್ಟೇನ್ರಿ.”

ಡಾಕ್ಟರರು ಪೆನ್ನು ಕೆಳಗಿಟ್ಟರು. “ಹಂಗಾದ್ರ ರೋಗದ ಮೂಲ ನೀವ ಹುಡುಕಿದಂಗಾತು. ನಿಮ್ಮ ಕಾವಲು ಪಡೆಗೆ ಹಿಟ್ಟಿನ ಧೂಳ ವೈರಿ. ಧೂಳಿನಿಂದ ದೂರ ಇರ್ರಿ, ಆರಾಮ ಇರ್ತೀರಿ. ಇವತ್ತ ಕ್ಯಾಮೆರಾದಾಗ ಕಾಣದ ರೋಗಾನ ನನಗ ಬರಿಯಾಕ ಬರೂದಿಲ್ಲ, ಕಂಡದ್ದನ್ನ ಬಿಡಾಕೂ ಬರೂದಿಲ್ಲ.”

ನಿರೋಗಿ ಎಂದು ಬರೆದ ಕಾಗದ ಹಿಡಿದು ಹೊರಗೆ ಬಂದು ಮಲ್ಲಿನಾಥ ಮೂಗಿನಿಂದ ಉದ್ದಕ್ಕೆ ಉಸಿರೆಳೆದ. ಹೌದಲ್ಲ! ಗಾಳಿ ಎರಡೂ ಕಡೆಯಿಂದ ಸಲೀಸಾಗಿ ಹೋಯಿತು. ಪಕ್ಕದ ಗಾಡಿಯಲ್ಲಿ ಕರಿಯುತ್ತಿದ್ದ ಮಿರ್ಚಿಯ ವಾಸನೆ ಹನ್ನೆರಡು ವರ್ಷಗಳ ಮೇಲೆ ಬಂತು. ಅವನ ಕಣ್ಣು ತುಂಬಿದವು. ಇಂಜೆಕ್ಷನ್ನು ಯಾರಿಗೆ ಬೇಕು? ನೇತ್ರಾಗೆ ಫೋನ್ ಹಚ್ಚಿದ.

“ನೇತ್ರಾ, ಮೂಗ ನೆಟ್ಟಗಾಗೇತಿ! ಡಾಕ್ಟರ ಬರದ ಕೊಟ್ಟಾರ, ನಿರೋಗಿ ಅಂತ!”

“ಖರೇನ ರೀ?” ಆಕೆಯ ದನಿಯೂ ಒದ್ದೆಯಾಯಿತು. “ನನಗೂ ಇಲ್ಲಿ ಸಾಕಾಗೇತ್ರಿ. ಈಗ ಹೊಂಟೆ, ಸಂಜಿಕ ಬರ್ತೀನಿ.”

ನಾಲ್ಕು ಗಂಟೆಗೆ ಊರಿಗೆ ಬಂದರೆ ಗಿರಣಿಯ ಮುಂದೆ ಇಪ್ಪತ್ತು ಬುಟ್ಟಿ. ಕಾಕಾ ಬಸ್ಸಿನಿಂದಲೇ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದ.

“ಆರಾಮ ಆದ ಮ್ಯಾಲ ಗಿರಣಿ ಯಾಕ ಬಂದ್ ಇಡತಿ?” ಎಂದು ಹೊಳೆವ್ವ ಕೇಳಿದಳು.

“ಗಿರಣಿ ಚಾಲೂ ಮಾಡಿದ್ರ ಆರಾಮ ತಪ್ಪತೈತಿ ಬೇ! ಡಾಕ್ಟರ ಹೇಳ್ಯಾರ!”

“ನಿರೋಗಿ ಅಂತ ಕಾಗದ ಕೊಟ್ಟಾರ, ಮತ್ತ ರೋಗ ಬರತೈತಿ ಅಂತಾರಂತ! ಇದ್ಯಾವ ಡಾಕ್ಟರಕಿ? ನನ್ನದೊಂದ ಬುಟ್ಟಿ ಬೀಸು ಸಾಕು. ನೇತ್ರಾ ಬರಾಕತ್ತಾಳಲ್ಲ, ಆಕಿಗಿ ರೊಟ್ಟಿ ಏನ ಗಾಳಿಲೇ ಬಡೀತಿಯೇನು?”

ಈ ಮಾತಿಗೆ ಮಲ್ಲಿನಾಥ ಸೋತ. ಹೆಂಡತಿ ಬರಲಿದ್ದಳು, ಮನೆಯಲ್ಲಿ ಹಿಡಿ ಹಿಟ್ಟೂ ಇರಲಿಲ್ಲ. ಒಂದೇ ಬುಟ್ಟಿ ಎಂದು ಬೀಗ ತೆಗೆದ. ಆದರೆ ಹೊಳೆವ್ವನದು ಬೀಸಿ, ಅವಳ ಹಿಂದಿನವಳದು ಬೀಸದಿದ್ದರೆ ಸಾರವಾಡದಲ್ಲಿ ಬಾಳುವೆ ಉಂಟೇ? ಎರಡಾಯಿತು, ಆರಾಯಿತು, ಹದಿನಾಲ್ಕಾಯಿತು. ಏಳು ದಿನ ಸುಮ್ಮನಿದ್ದ ಗಿರಣಿ ಹಳೆಯ ಹಿಟ್ಟನ್ನೂ ಸೇರಿಸಿ ಉಗುಳಿತು. ಕಟ್ಟೆಯ ಮೇಲೆ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದ ಕಾಕಾ ಕೂತು, “ಈಗ ಹಗುರ ಆಗೇತಿ ನೋಡ್ರಿ” ಎಂದು ಎಲ್ಲರಿಗೂ ಮೂಗು ತೋರಿಸುತ್ತಿದ್ದ.

ಆರು ಗಂಟೆಯ ಬಸ್ಸು ಗಿರಣಿಯ ಎದುರೇ ನಿಂತಿತು. ನೇತ್ರಾ ಹೊಸ ಸೀರೆ ಉಟ್ಟು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತವರಿನ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಗುನಗುತ್ತ ಇಳಿದಳು. ಮಲ್ಲಿನಾಥ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಬಾಗಿಲಿಗೆ ಓಡಿಬಂದ. “ಬಂದ್ಯಾ ನೇ...” ಎಂದವನಿಗೆ ಮುಂದಿನ ಅಕ್ಷರ ಹೊರಡಲಿಲ್ಲ. ಆಕ್ಷಿ ಬಂತು. ಇನ್ನೊಂದು ಬಂತು. ಹೆಂಗಸರು ಎಣಿಸತೊಡಗಿದರು. ಹನ್ನೊಂದಕ್ಕೆ ಕಟ್ಟಿದ ಮೂಗು ಹನ್ನೆರಡನೆಯದಕ್ಕೆ, ನಿಂತ ನಿಲುವಿನಲ್ಲೇ, ಎಚ್ಚರವಾಗಿರುವಾಗಲೇ ಗೊರ್ರ್ ಎಂದು ಗೊರಕೆ ಹೊಡೆಯಿತು.

ನೇತ್ರಾಳ ನಗು ಹೋಯಿತು. ಹೋಳಿಗೆಯ ಡಬ್ಬಿಯನ್ನು ಹೊಳೆವ್ವನ ಕೈಗೆ ಕೊಟ್ಟಳು. ಚೀಲವನ್ನು ಮಾತ್ರ ಕೆಳಗಿಡಲಿಲ್ಲ.

“ಅತ್ತಿ, ತಿಕೋಟಾಕ್ಕ ಹೋಗಾಕ ಮುಂದಿನ ಬಸ್ ಎಷ್ಟಕ್ಕ ಐತಿ?”